ಮೂವತ್ತು ಸೆಂಟ್ಸ್ ಬನ, ಒಂದು ಡಬ್ಬಿ ನೀರು

ನಮ್ಮದು ಚಳ್ಳಕೆರೆ ತಾಲೂಕು. ವರ್ಷಕ್ಕೆ ಐನೂರು ಮಿ.ಮೀ. ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಬೆಳೆ ಶೇಂಗಾ, ಸಾಲಿನ ನಡುವೆ ತೊಗರಿ, ಮನೆಗೆ ಸ್ವಲ್ಪ ಸಜ್ಜೆ. ಕರಾವಳಿಯ ಅಡಿಕೆ ತೋಟದವರು ಹೆಚ್ಚಾಗಿ ಓದುವ ಪತ್ರಿಕೆಯಲ್ಲಿ ನನಗೇನು ಕೆಲಸ ಅಂತ ಕೇಳಬಹುದು. ನಿಮ್ಮೂರಿನ ಒಂದು ನಾಗಬನ ನೋಡಿ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ದೊಡ್ಡ ಜಗಳ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಗ ಮೂಡಬಿದ್ರೆಯಲ್ಲಿ ಪಿಯುಸಿ ಓದಿದ. ನಮ್ಮ ಕಡೆಯ ಹುಡುಗರು ಅಲ್ಲಿನ ಹಾಸ್ಟೆಲುಗಳಲ್ಲಿ ತುಂಬಾ ಜನ ಇದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಅವನ ಹಾಸಿಗೆ, ಟ್ರಂಕು ತರಲು ಹೋಗಿದ್ದೆ. ಸಾವಿರ ಕಂಬದ ಬಸದಿ ನೋಡಲೇಬೇಕು ಅಂತ ಕರೆದುಕೊಂಡು ಹೋದ. 1430ರಲ್ಲಿ ಕಟ್ಟಿದ್ದಂತೆ. ಊರಲ್ಲಿ ಹದಿನೆಂಟು ಬಸದಿ ಇವೆ, ನನ್ನ ಕಾಲು ಒಂದಕ್ಕೇ ಸಾಕೆಂದಿತು. ಅವನ ಜೊತೆ ಓದುವ ಹುಡುಗನ ಮನೆ ಸಿದ್ಧಕಟ್ಟೆ ಕಡೆ, ಬಂಟ್ವಾಳ ತಾಲೂಕು. 'ಮಾಮ, ಒಂದು ದಿನ ಇದ್ದು ಹೋಗಿ' ಅಂತ ಆ ಹುಡುಗ ಬಿಡಲಿಲ್ಲ.

ನಾನು ಹೊರಡುವಾಗ ತಲೆಯಲ್ಲಿ ಬೇರೆಯೇ ಲೆಕ್ಕ ಇತ್ತು. ನಮ್ಮ ಹೊಲದ ಮೇಲ್ಭಾಗಕ್ಕೆ ಅಮ್ಮನ ಗುಡಿ ಹಿಂದೆ ಹನ್ನೆರಡು ಗುಂಟೆ ಜಾಗ ಉಂಟು ('ಉಂಟು' ಅನ್ನೋದು ಅಲ್ಲಿಂದ ಅಂಟಿಸಿಕೊಂಡು ಬಂದದ್ದು). ಐದು ಹುಣಸೆ, ನಾಲ್ಕು ಬೇವು, ಒಂದಿಷ್ಟು ತುಗ್ಗಲಿ, ಕಾರೆ, ಬಂದರಿಕೆ. ನಮ್ಮ ತಾತ ಮುಟ್ಟಲಿಲ್ಲ, ಅಪ್ಪ ಮುಟ್ಟಲಿಲ್ಲ. ಎರಡು ಬೋರ್‌ವೆಲ್ ಹೋದ ಮೇಲೆ ಅಣ್ಣ ಮತ್ತು ನಾನು ಕೂತು ಮಾತಾಡಿ, ಮರ ಕೊಟ್ಟುಬಿಡೋಣ, ಮೂರನೇ ಬೋರ್ ಹಾಕಿಸೋಣ, ಉಳಿದದ್ದರಲ್ಲಿ ಹುಡುಗನ ಫೀಸು ಕಟ್ಟೋಣ ಅಂದುಕೊಂಡಿದ್ದೆವು. ಮರದ ವ್ಯಾಪಾರಿ ಎಲ್ಲಕ್ಕೂ ಸೇರಿ ಅರವತ್ತು ಸಾವಿರ ಅಂತ ಒಪ್ಪಿ ಹದಿನೈದು ಸಾವಿರ ಮುಂಗಡ ಕೊಟ್ಟಿದ್ದ. ಆ ದುಡ್ಡು ನನ್ನ ಅಂಗಿ ಜೇಬಿನಲ್ಲೇ ಇತ್ತು, ಹಾಸ್ಟೆಲ್ ಬಾಕಿ ಕಟ್ಟಲು.

ಸಿದ್ಧಕಟ್ಟೆಯ ಆ ಮನೆ ಯಜಮಾನರನ್ನು ಎಲ್ಲರೂ ಶೆಟ್ರು ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ನನ್ನನ್ನು 'ಗೌಡ್ರೇ' ಅಂದರು. ಎರಡು ಎಕರೆ ಅಡಿಕೆ, ನಡುವೆ ಕಾಳುಮೆಣಸು, ಒಂದು ಬೆಟ್ಟು ಗದ್ದೆ ಪಾಳು ಬಿಟ್ಟಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದು 'ಹಟ್ಟಿಗೆ ಸೊಪ್ಪು ಹಾಕಬೇಕು, ಬರ್ತೀರಾ' ಅಂದರು. ನಮ್ಮ ಕಡೆ ಹಟ್ಟಿ ಅಂದರೆ ಊರು. ಊರಿಗೆಲ್ಲ ಸೊಪ್ಪು ಹಾಕುವುದು ಹ್ಯಾಗೆ ಅಂತ ಕಕ್ಕಾಬಿಕ್ಕಿಯಾದೆ. ಅಲ್ಲಿ ಹಟ್ಟಿ ಅಂದರೆ ದನದ ಕೊಟ್ಟಿಗೆ! ದನದ ಕಾಲಡಿಗೆ ಹಸಿಸೊಪ್ಪು ಹಾಕಿ, ಸೆಗಣಿ ಗಂಜಲದ ಜೊತೆ ಅದು ಕೊಳೆತು ಅಡಿಕೆ ಬುಡಕ್ಕೆ ಗೊಬ್ಬರ. ಈ ಸೊಪ್ಪು ಬರುವುದು ಕುಮ್ಕಿಯಿಂದ. ಪಟ್ಟಾ ಜಾಗಕ್ಕೆ ಅಲ್ಲಿ ವರ್ಗ ಅನ್ನುತ್ತಾರೆ. ಹಳೇ ವರ್ಗದ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಹಕ್ಕು ಆ ವರ್ಗದಾರನಿಗೆ. ಅದು ಕುಮ್ಕಿ. ಈಗ ಅದರಲ್ಲಿ ಎಷ್ಟೋ ಕಡೆ ರಬ್ಬರು, ಅಡಿಕೆ ಬಂದಿದೆ, ಸೊಪ್ಪು ಕಡಿಮೆಯಾಗಿದೆ ಅಂದರು.

ಕುಮ್ಕಿಯ ಬದಿಗೇ ಅವರ ಕುಟುಂಬದ ನಾಗಬನ. ಮೂವತ್ತು ಸೆಂಟ್ಸ್. ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಹನ್ನೆರಡು ಗುಂಟೆ. ಅದನ್ನು ಕೇಳಿದಾಗ ನನಗೆ ಒಂಥರಾ ಆಯಿತು.

ಹೊರಗಿನಿಂದ ನೋಡಿದರೆ ಕಪ್ಪು ಗುಡ್ಡೆಯ ಹಾಗೆ ಕಾಣುತ್ತದೆ. ಸುತ್ತ ಮೊಣಕಾಲೆತ್ತರ ಮುರಕಲ್ಲಿನ ಪಾಗಾರ. ಚಪ್ಪಲಿ ಹೊರಗೆ ಬಿಟ್ಟೆವು. ನಾಲ್ಕು ಹೆಜ್ಜೆ ಒಳಗೆ ಹೋದರೆ ಬಿಸಿಲೇ ಇಲ್ಲ. ಏಪ್ರಿಲ್ ಕೊನೆ, ಹೊರಗೆ ಬೆವರು ಧಾರೆ, ಒಳಗೆ ಬೆನ್ನಿಗೆ ತಣ್ಣಗೆ. ನಡುವೆ ನಾಗನ ಕಲ್ಲುಗಳು, ಅರಿಶಿನ ಹಚ್ಚಿದ್ದು. ನಾಗರ ಪಂಚಮಿಗೆ ಬಂದು ಹಾಲು, ಸೀಯಾಳ ಎರೆಯುತ್ತಾರೆ, ಅದಕ್ಕೆ ತನು ಅನ್ನುತ್ತಾರೆ. ಉಳಿದ ದಿನ ಯಾರೂ ಹೋಗುವುದಿಲ್ಲ. ಒಣಗಿ ಬಿದ್ದ ಸೌದೆಯನ್ನೂ ತರುವ ಹಾಗಿಲ್ಲ.

ಮರಗಳ ಹೆಸರನ್ನು ಮಗನ ಕೈಲಿ ಬರೆಸಿಕೊಂಡೆ. ಎಲ್ಲಕ್ಕಿಂತ ಎತ್ತರ ಒಂದು ಧೂಪದ ಮರ ಮತ್ತು ಹಾಲೆ ಮರ. ಹಾಲೆಗೆ ತುಳುವಿನಲ್ಲಿ ಪಾಲೆ. ಆಟಿ ಅಮಾವಾಸ್ಯೆಗೆ ಇದರ ತೊಗಟೆ ಕೆತ್ತಿ ತಂದು ಕಷಾಯ ಕುಡಿಯುತ್ತಾರಂತೆ, ಆದರೆ ಬನದ ಪಾಲೆಯದ್ದಲ್ಲ, ಗುಡ್ಡೆಯದ್ದು. ಅದರ ಕೆಳಗೆ ಹೆಬ್ಬಲಸು, ಸುರಹೊನ್ನೆ, ರೆಂಜೆ. ರೆಂಜೆ ಹೂವು ನೆಲಕ್ಕೆ ಉದುರಿ ಬನವೆಲ್ಲ ಪರಿಮಳ. ಇನ್ನೂ ಕೆಳಗೆ ಪುನರ್ಪುಳಿ, ಕಾಸರಕ, ಕುಂಟಾಲ. ಕಾಲ ಹತ್ತಿರ ಕೇಪುಳ, ಬೆತ್ತ, ಮರಕ್ಕೆ ಹಬ್ಬಿದ ಕಾಡುಮೆಣಸಿನ ಬಳ್ಳಿ. ಹನ್ನೆರಡು ಗುಂಟೆಯಲ್ಲಿ ನಾವು ಗುರುತಿಸಿದ್ದೇ ಇಪ್ಪತ್ತಮೂರು ಜಾತಿ. ಹೆಬ್ಬಲಸಿನ ಪೊಟರೆಯಲ್ಲಿ ತುಡುವೆ ಜೇನು ಇತ್ತು. ತೋಟದಲ್ಲಿ ಹೀರೆ, ಸೌತೆ ಕಾಯಿ ಕಚ್ಚಲು ಈ ನೊಣಗಳೇ ಬೇಕು, ಪೆಟ್ಟಿಗೆ ಇಡದವನಿಗೂ ಬನ ಇದ್ದರೆ ನೊಣ ಇರುತ್ತದೆ ಅಂದರು ಶೆಟ್ರು. ಬಾವಲಿಗಳೂ ಇವೆ. ಅವು ಹಣ್ಣಡಿಕೆ ಚೀಪಿ ಬನದ ಕೆಳಗೆ ಉದುರಿಸುತ್ತವೆ, ಮನೆಯ ಅಜ್ಜಿ ಅದನ್ನು ಪಾಗಾರದ ಹೊರಗೆ ಬಿದ್ದಷ್ಟು ಆರಿಸಿ ತರುತ್ತಾರೆ.

ನಾನು ನೋಡಿದ್ದು ಹೆಚ್ಚಾಗಿ ಕೆಳಗೆ. ನಮ್ಮಂಥವರಿಗೆ ನೆಲವೇ ಮುಖ್ಯ. ಮೇಲೆ ಹೋದ ವರ್ಷದ ತರಗೆಲೆ, ಅದರ ಕೆಳಗೆ ಅರ್ಧ ಕೊಳೆತದ್ದು, ಅದರ ಕೆಳಗೆ ಯಾವುದು ಎಲೆ ಯಾವುದು ಮಣ್ಣು ಗೊತ್ತಾಗದ ಕಪ್ಪು ಪುಡಿ. ಕೈ ಇಟ್ಟರೆ ಬೆರಳು ತಾನಾಗಿ ಇಳಿಯುತ್ತದೆ. ಮಳೆ ಬಿದ್ದು ಐದು ತಿಂಗಳಾಗಿದ್ದರೂ ಪಸೆ ಇತ್ತು.

ಇಲ್ಲಿ ಆಗುವ ಕೆಲಸ ಇಷ್ಟೇ. ಬಯಲಿನಲ್ಲಿ ಮಳೆ ಹನಿ ನೇರ ನೆಲಕ್ಕೆ ಹೊಡೆಯುತ್ತದೆ. ಹೊಡೆದ ಏಟಿಗೆ ನುಣ್ಣನೆ ಮಣ್ಣು ಎದ್ದು, ನೆಲದ ಸಣ್ಣ ಸಣ್ಣ ರಂಧ್ರಗಳ ಬಾಯಿ ಮುಚ್ಚುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಮೇಲೆ ಮೇಲೆ ಹರಿದು ಹೋಗುತ್ತದೆ. ನಮ್ಮ ಕೆಂಪು ಮಣ್ಣಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮಾರನೇ ದಿನ ಜೋರು ಮಳೆ ಬಂದು ಆಮೇಲೆ ಬಿಸಿಲು ಬಿದ್ದರೆ ನೆಲ ಹಪ್ಪಳ ಕಟ್ಟಿ ಶೇಂಗಾ ಮೊಳಕೆ ಮೇಲೆ ಬರಲಾರದೆ ಸಾಯುವುದು ಇದರಿಂದಲೇ. ಬನದಲ್ಲಿ ಹನಿ ಮೊದಲು ಮೇಲಿನ ಎಲೆಗೆ, ಆಮೇಲೆ ನಡುವಿನ ಎಲೆಗೆ, ಕೊನೆಗೆ ತರಗೆಲೆಗೆ. ನೆಲಕ್ಕೆ ಏಟೇ ಇಲ್ಲ. ಹಾಗೆ ಇಳಿದ ನೀರಿಗೆ ಎರೆಹುಳ, ಗೆದ್ದಲು ಕೊರೆದ ದಾರಿ, ಸತ್ತ ಬೇರು ಕೊಳೆತು ಉಳಿದ ಕೊಳವೆ ಇವೆಯಲ್ಲ, ಅವುಗಳಲ್ಲಿ ಸೀದಾ ಕೆಳಗೆ. ಬನದಲ್ಲಿ ಎರಡು ಹುತ್ತ ಇದ್ದವು. ನಾಗನ ಮನೆ ಅಂತ ಕೈ ಮುಗಿಯುತ್ತಾರೆ. ಆ ಹುತ್ತ ಕಟ್ಟಿದ ಗೆದ್ದಲೇ ಎಲೆಯನ್ನು ಮಣ್ಣಿಗೆ ಒಯ್ಯುವ ಕೂಲಿಯಾಳು.

ಅಜ್ಜಿಯನ್ನು ಕೇಳಿದೆ, ಯಾಕೆ ಇಲ್ಲಿ ಏನೂ ಕಡಿಯಬಾರದು ಅಂತ. 'ನಾಗನಿಗೆ ತಂಪು ಬೇಕು ಮಗಾ' ಅಂದರು. ಅಷ್ಟೇ.

ಹಿಂದೆ ಜಲಾನಯನ ಯೋಜನೆ ತರಬೇತಿಯಲ್ಲಿ ಒಂದು ಪರೀಕ್ಷೆ ತೋರಿಸಿದ್ದರು, ನೆನಪಾಯಿತು. ಹಾಲಿನ ಪುಡಿಯ ಖಾಲಿ ಡಬ್ಬಿ ಒಂದನ್ನು ಕೇಳಿ ಅದರ ತಳ ಕತ್ತರಿಸಿದೆ. ಬನದೊಳಗೆ ಬೇಡ, ಅದು ನಾಗನ ಜಾಗ, ಪಾಗಾರದ ಹೊರಗೆ ಅದರದ್ದೇ ತರಗೆಲೆ ಬಿದ್ದಲ್ಲಿ ಮಾಡಿ ಅಂದರು ಶೆಟ್ರು. ಹಾಗೇ ಮಾಡಿದೆ. ಡಬ್ಬಿಯನ್ನು ಎರಡು ಬೆರಳಷ್ಟು ನೆಲಕ್ಕೆ ಒತ್ತಿ ಅರ್ಧ ಲೀಟರ್ ನೀರು ಸುರಿಯುವುದು. ಒಣ ನೆಲ ಮೊದಲು ಆಸೆಯಿಂದ ಕುಡಿಯುತ್ತದೆ, ಅದು ಲೆಕ್ಕಕ್ಕಲ್ಲ. ಅದು ಇಂಗಿದ ಮೇಲೆ ಇನ್ನೊಂದು ಅರ್ಧ ಲೀಟರ್ ಸುರಿದು ಗಡಿಯಾರ ನೋಡಬೇಕು. ಬನದ ಅಂಚಿನಲ್ಲಿ ಎರಡು ನಿಮಿಷಕ್ಕೆ ನೀರು ಇಲ್ಲ. ಅಲ್ಲಿಂದ ಐವತ್ತು ಮಾರು ದೂರ, ಪಕ್ಕದವರು ಜೆಸಿಬಿ ಹಿಡಿಸಿ ತಟ್ಟು ಮಾಡಿ ರಬ್ಬರ್ ಗಿಡ ಹಾಕಿದ ಜಾಗ. ಅಲ್ಲಿ ಇಪ್ಪತ್ತೈದು ನಿಮಿಷ ಕಾದೆವು, ಡಬ್ಬಿಯಲ್ಲಿ ಇನ್ನೂ ಅರ್ಧ ನೀರು. ಮಕ್ಕಳಿಬ್ಬರೂ ಬೇಜಾರಾಗಿ ಗೇರುಹಣ್ಣು ತಿನ್ನಲು ಹೋದರು. ರಬ್ಬರ್ ಮೇಲೆ ನನಗೇನೂ ಸಿಟ್ಟಿಲ್ಲ. ಹಳೇ ರಬ್ಬರ್ ತೋಟದ ನೆರಳಲ್ಲಿ ಮಾಡಿದ್ದರೆ ಇಷ್ಟು ಕೆಟ್ಟ ಲೆಕ್ಕ ಬರುತ್ತಿರಲಿಲ್ಲವೇನೋ. ಇದು ಹೊಸದಾಗಿ ಕೆರೆದ ನೆಲ.

ಏಳನೇ ಕ್ಲಾಸಿನ ಲೆಕ್ಕ ಇಷ್ಟಕ್ಕೆ ಸಾಕು: ಒಂದು ಎಕರೆಗೆ ಒಂದು ಮಿ.ಮೀ. ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರ್. ಅವರಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಸುಮಾರು ಬೀಳುತ್ತದೆ. ಮೂವತ್ತು ಸೆಂಟ್ಸಿಗೆ ನಲವತ್ತೆಂಟು ಲಕ್ಷ ಲೀಟರ್. ಎಲ್ಲವೂ ಇಂಗುವುದಿಲ್ಲ, ಎಲೆ ಮೇಲೆ ಆರುವುದು, ಮರ ಕುಡಿಯುವುದು, ತೋಡಿಗೆ ಹೋಗುವುದು ಇದ್ದೇ ಇದೆ. ಆದರೂ ಬನದ ಕೆಳಗಿನ ಶೆಟ್ರ ಬಾವಿಯಲ್ಲಿ ಏಪ್ರಿಲ್ ಕೊನೆಗೆ ಎರಡು ಆಳು ನೀರಿತ್ತು.

ಬಂಟ್ವಾಳದ ಗುಡ್ಡೆಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ ಅನ್ನುವುದಕ್ಕೆ ಶೆಟ್ರು ಇನ್ನೊಂದು ಉದಾಹರಣೆ ಕೊಟ್ಟರು. ಅಡ್ಯನಡ್ಕ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗದಿದ್ದರೂ ಬಿಡದೆ ಕೊನೆಗೆ ನೀರು ತರಿಸಿ ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಸುರಂಗ ಅಂದರೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿ. ಗುಡ್ಡೆಯೊಳಗೆ ಇಂಗಿದ್ದು ಮೋಟಾರು ಇಲ್ಲದೆ ತಾನೇ ಹರಿದು ಬರುತ್ತದೆ. ನಮ್ಮ ಸೀಮೆಯ ತಲಪರಿಗೆಯೂ ಇದರ ದಾಯಾದಿಯೇ. ನೆಲದಿಂದ ತಾನೇ ಉಕ್ಕುವ ನೀರನ್ನು ಗುಂಡಿಗೆ ಹಿಡಿದು ಕಾಲುವೆಯಲ್ಲಿ ಹೊಲಕ್ಕೆ ಬಿಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅದರಲ್ಲಿ ಎಮ್ಮೆ ಮೈ ತೊಳೆದಿದ್ದೇನೆ. ಈಗ ಅಲ್ಲಿ ಜಾಲಿ ಬೆಳೆದಿದೆ.

ಬನದಿಂದ ತೊಂದರೆ ಇಲ್ಲವೇ ಅಂತಲೂ ಕೇಳಿದೆ. ಇದೆ. ಬನದ ನೆರಳಿಗೆ ಪಕ್ಕದ ಎರಡು ಸಾಲು ಅಡಿಕೆ ಸೊರಗಿದೆ, ತೆಳ್ಳಗೆ ಬೆಳೆದು ಫಸಲಿಲ್ಲ. ಇನ್ನೊಂದು ತೊಂದರೆ ದೊಡ್ಡದು. ಬನ ಒಬ್ಬರದ್ದಲ್ಲ, ನಾಲ್ಕು ಮನೆಯವರ ಮೂಲ ನಾಗ. ಪಟ್ಟಣದಲ್ಲಿರುವ ತಮ್ಮಂದಿರು ಪಂಚಮಿಗೆ ಬಂದಾಗ ಜಿಗಣೆ, ಕೆಸರು ಅಂತ ಗೊಣಗುತ್ತಾರೆ. ಮರ ತೆಗೆದು ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ಶೀಟು ಹಾಕಿಸಿದರೆ ಚೊಕ್ಕ ಆಗುತ್ತದೆ, ಖರ್ಚು ನಾವು ಹಾಕುತ್ತೇವೆ ಅಂತ ಅವರ ಮಾತು. ಹಲವು ಕಡೆ ಹಾಗೆ ಆಗಿದೆ. ಶೆಟ್ರಿಗೆ ಮನಸ್ಸಿಲ್ಲ, ಆದರೆ ಒಬ್ಬರೇ. 'ನಾಗನ ವಿಷಯ ಮಾರಾಯ್ರೆ, ಜಗಳ ಮಾಡ್ಲಿಕ್ಕೂ ಹೆದರಿಕೆ' ಅಂದರು.

ಹಾಗೆ ಆದದ್ದನ್ನು ಮರುದಿನವೇ ನೋಡಿದೆ. ನಾವು ಊರಿಗೆ ವಾಪಸು ಬೆಳ್ತಂಗಡಿ ಮೇಲೆ, ಚಾರ್ಮಾಡಿ ಘಾಟಿಯಲ್ಲಿ. ಶೆಟ್ರ ಹೆಂಡತಿಯ ತವರು ಬೆಳ್ತಂಗಡಿ ತಾಲೂಕಿನಲ್ಲಿ, ಊಟಕ್ಕೆ ಇಳಿಸಿಕೊಂಡರು. ಅಲ್ಲಿ ಬನ ತೆಗೆದು ಹನ್ನೆರಡು ವರ್ಷ ಆಗಿದೆ. ಕಟ್ಟೆ ಚೆನ್ನಾಗಿದೆ, ಟೈಲ್ಸ್ ಹಾಕಿದ್ದಾರೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲು ಆಗಲಿಲ್ಲ. ಬಾವಿ ಮಾರ್ಚಿಗೇ ತಳ ಕಂಡಿತ್ತು. ಬನ ಹೋದದ್ದಕ್ಕೇ ಬಾವಿ ಬತ್ತಿತು ಅಂತ ನಾನು ಹೇಳಲಾರೆ. ಆ ಬೈಲಿನಲ್ಲಿ ಬೋರ್‌ವೆಲ್‌ಗಳು ಎಷ್ಟಾಗಿವೆ ಅಂತ ಅವರೇ ಬೆರಳು ಮಡಚಿ ಎಣಿಸಿ ಹದಿನಾಲ್ಕು ಅಂದರು. ಹನ್ನೆರಡು ಗುಂಟೆ ಇಂಗಿಸಿದ್ದನ್ನು ಹದಿನಾಲ್ಕು ಬೋರು ಎಳೆದರೆ ಯಾವ ನಾಗನೂ ಏನೂ ಮಾಡಲಾರ. ಘಾಟಿ ಹತ್ತುವಾಗ 2019ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಗುರುತು ಮಗನಿಗೆ ತೋರಿಸಿದೆ. ಆ ಸಲ ಕೆಳಗಿನ ಹಳ್ಳಿಗಳ ತೋಟ, ಗದ್ದೆಗೆ ಮರಳು ತುಂಬಿಬಿಟ್ಟಿತ್ತು. ಆ ಪ್ರಮಾಣದ ಮಳೆಗೆ ದೊಡ್ಡ ಕಾಡೂ ತಡೆಯದು. ಮರ ಇದ್ದರೆ ಎಲ್ಲ ಸರಿ ಅಂತ ಬರೆಯುವವರ ಜೊತೆ ನಾನಿಲ್ಲ.

ಬಸ್ಸಿನಲ್ಲಿ ಮಗ ಒಂದು ವಿಷಯ ಹೇಳಿದ. ಅವನ ಸ್ನೇಹಿತನ ಚಿಕ್ಕಪ್ಪ ಇಂಗ್ಲೆಂಡಿನಲ್ಲಿದ್ದಾರೆ, ಅಲ್ಲಿನ ಹಳ್ಳಿಗಳ ಪಕ್ಕ ಇಂಥದೇ ಚಿಕ್ಕ ಚಿಕ್ಕ ಕಾಡುಗಳ ಫೋಟೋ ಕಳಿಸಿದ್ದರಂತೆ. ಅಲ್ಲಿ ಮುಟ್ಟಬಾರದು ಅಂತಿಲ್ಲ. ಹೇಜಲ್ ಅನ್ನುವ ಗಿಡವನ್ನು ಬುಡದವರೆಗೆ ಕಡಿಯುತ್ತಾರೆ, ಅದು ಹತ್ತಾರು ಕವಲು ಚಿಗುರುತ್ತದೆ, ಏಳೆಂಟು ವರ್ಷ ಬಿಟ್ಟು ಮತ್ತೆ ಕಡಿಯುತ್ತಾರೆ. ಕಾಡನ್ನು ಭಾಗ ಮಾಡಿಕೊಂಡು ವರ್ಷಕ್ಕೊಂದು ಭಾಗ. ಬೇಲಿಗೆ, ಸೌದೆಗೆ ಅದೇ. ಹೀಗೆ ಕಡಿಯುತ್ತಲೇ ಬಂದ ಬುಡಗಳು ನೂರಾರು ವರ್ಷ ಬದುಕಿವೆಯಂತೆ. ಕುಮ್ಕಿಯ ಸೊಪ್ಪು ಕಡಿಯುವ ಬುದ್ಧಿಯೇ ಇದು ಅನ್ನಿಸಿತು. ಮುಟ್ಟದ ಬನ ಒಂದು, ಸರದಿಯಲ್ಲಿ ಕಡಿಯುವ ಕಾಡು ಒಂದು, ಎರಡೂ ಉಳಿದಿವೆ. ಅಳಿದದ್ದು ಒಂದೇ ಸಲ ಮಾರಿದ್ದು.

ಇನ್ನು ಮನೆಯ ಜಗಳ. ಬಂದ ಮಾರನೇ ದಿನ ಡಬ್ಬಿ ಹಿಡಿದು ಗುಡಿ ಹಿಂದೆ ಹೋದೆ. ಅಣ್ಣನೂ ಬಂದ. ತುಗ್ಗಲಿ, ಹುಣಸೆ ನೆರಳಿನ ತರಗೆಲೆಯಲ್ಲಿ ಎರಡನೇ ಸಲದ ನೀರು ಆರು ನಿಮಿಷ ತಗೊಂಡಿತು. ಬನದಷ್ಟಲ್ಲ, ನಮ್ಮಲ್ಲಿ ಆಡು ಕುರಿ ಒಳಗೆ ತಿರುಗುತ್ತವೆ. ಕಾವಲ್ ಇದ್ದಾಗ ಅಲ್ಲಿ ಮೇಯುತ್ತಿದ್ದವು. 2008ರಿಂದ ಈಚೆಗೆ ನಮ್ಮ ತಾಲೂಕಿನ ಅಮೃತ ಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ಆಡು ಇಲ್ಲಿಗೆ ಬಂದವು. ಹೊಲದಲ್ಲಿ ಅದೇ ಡಬ್ಬಿಗೆ ಇಪ್ಪತ್ನಾಲ್ಕು ನಿಮಿಷ.

ಅಣ್ಣ ನಕ್ಕ. 'ಇಂಗಿದ್ದನ್ನ ಹುಣಸೆ ಮರಾನೇ ಕುಡೀತೈತೆ. ನಿನ್ನ ಬೋರಿಗೆ ಏನ್ ಬರ್ತೈತೆ? ಅಲ್ಲಿ ಹೊಳೆಯಂಗೆ ಮಳೆ ಬೀಳ್ತೈತೆ, ಅವ್ರ ಮಾತು ಕೇಳ್ಕೊಂಡು ಬಂದೀಯ' ಅಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಹನ್ನೆರಡು ಗುಂಟೆಗೆ ವರ್ಷಕ್ಕೆ ಬೀಳುವುದು ಆರು ಲಕ್ಷ ಲೀಟರ್, ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹೇಳಿದರೆ ನೂರಿಪ್ಪತ್ತು ಲೋಡು. ಸಣ್ಣ ತುಂತುರು ಮಳೆಯಾದರೆ ಎಲೆ ಮೇಲೇ ಆರಿಹೋಗುತ್ತದೆ, ನೆಲಕ್ಕೆ ಬರುವುದೇ ಇಲ್ಲ. ಮರಕ್ಕೂ ಬಾಯಾರಿಕೆ ಉಂಟು. ಬೋರ್ ತುಂಬುತ್ತದೆ ಅಂತ ನಾನು ಹೇಳಲಿಲ್ಲ. ನಾನು ಹೇಳಿದ್ದು ಇನ್ನೊಂದು: ಆ ಜಾಗ ಹೊಲದ ಮೇಲ್ಭಾಗಕ್ಕಿದೆ. ಬೋಳು ಮಾಡಿದರೆ ಜೋರು ಮಳೆಯಲ್ಲಿ ಅಲ್ಲಿನ ನೀರೆಲ್ಲ ಒಂದೇ ಸಲಕ್ಕೆ ಕೆಳಗಿನ ಶೇಂಗಾ ಹೊಲಕ್ಕೆ ನುಗ್ಗುತ್ತದೆ, ಬದು ಒಡೆಯುತ್ತದೆ. ಗುಡಿಯ ಆಚೆ ಪಕ್ಕದವರ ಹೊಲದಲ್ಲಿ ಕೊರಕಲು ಬಿದ್ದದ್ದು ಅವನೇ ನೋಡಿದ್ದಾನೆ.

ಮೂರು ದಿನ ಮಾತು ಬಿಟ್ಟ. ಆಮೇಲೆ ಅತ್ತಿಗೆ ಕೂತು ದುಡ್ಡಿನ ಲೆಕ್ಕ ಮಾಡಿದರು. ಐದು ಹುಣಸೆ ಹೋದ ವರ್ಷ ಒಂಬತ್ತು ಸಾವಿರಕ್ಕೆ ಗುತ್ತಿಗೆ ಹೋಗಿತ್ತು. ಅರವತ್ತು ಸಾವಿರ ಅಂದರೆ ಏಳು ವರ್ಷದ ಹಣ್ಣು, ಆಮೇಲೆ ಮರವೂ ಇಲ್ಲ ಹಣ್ಣೂ ಇಲ್ಲ. ಡಬ್ಬಿ ಮಾಡದ ಕೆಲಸ ಅದು ಮಾಡಿತು. ನಾನು ನಾಲ್ಕು ಟಗರು ಮಾರಿ ಮುಂಗಡ ವಾಪಸು ಕೊಟ್ಟೆ. ಅಣ್ಣ ತನ್ನ ಪಾಲಿಗೆ ಅಂತ ಎರಡು ಬೇವು ಕಡಿಸಿದ. ನಾನು ಅಡ್ಡ ಬರಲಿಲ್ಲ. ಮೂರನೇ ಬೋರ್ ಸದ್ಯಕ್ಕೆ ಇಲ್ಲ.

ಈಗ ಮಾಡಿರುವುದು ಇಷ್ಟು. ಜಾಲಿ ಮುಳ್ಳಿನ ಬೇಲಿ ಕಟ್ಟಿ ಆಡು ನಿಲ್ಲಿಸಿದ್ದೇವೆ. ಗುಡಿ ಅಂಗಳ ಬಿಟ್ಟು ಬೇರೆಲ್ಲೂ ತರಗೆಲೆ ಗುಡಿಸಿ ಸುಡುವುದಿಲ್ಲ, ಮೊದಲು ಯುಗಾದಿಗೆ ಸುಡುತ್ತಿದ್ದೆವು. ತುಗ್ಗಲಿಯನ್ನು ಮೊಣಕಾಲೆತ್ತರಕ್ಕೆ ಕಡಿದು ಚಿಗುರಿಸುತ್ತಿದ್ದೇನೆ, ಎಲ್ಲವನ್ನೂ ಒಟ್ಟಿಗೆ ಅಲ್ಲ, ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು. ಸೊಪ್ಪು ತಿಪ್ಪೆಗೆ. ಹೊಲದ ಬದುವಿಗೆ ಹೊಂಗೆ ಬೀಜ ಊರಿದೆ, ಮುಂಗಾರಿನಲ್ಲಿ ಅರ್ಧಕ್ಕರ್ಧ ಹುಟ್ಟಿವೆ. ಹೊಂಗೆಯನ್ನು ಆಡು ಅಷ್ಟಾಗಿ ಬಾಯಿ ಹಾಕುವುದಿಲ್ಲ, ಅದೇ ಅನುಕೂಲ.

ಹೋದ ವಾರ ಶೆಟ್ರು ಫೋನ್ ಮಾಡಿದ್ದರು. ನಾಲ್ಕು ಮನೆಯವರು ಕೂಡಿದ್ದರಂತೆ. ಕಾಂಕ್ರೀಟ್ ಮಾತು ಪಂಚಮಿ ಕಳೆಯಲಿ ಅಂತ ಮುಂದೆ ಹಾಕಿದ್ದಾರೆ. ಕಲ್ಲಿನ ಸುತ್ತ ಕೂರುವಷ್ಟು ಜಾಗಕ್ಕೆ ಮಾತ್ರ ಮುರಕಲ್ಲು ಹಾಸಿ, ಮರ ಹಾಗೇ ಬಿಡೋಣ ಅಂತ ಒಬ್ಬ ತಮ್ಮ ಹೇಳಿದ್ದಾನೆ. 'ನಿಮ್ಮ ಡಬ್ಬಿಯ ಲೆಕ್ಕ ಒಮ್ಮೆ ಬರೆದು ಕಳಿಸಿ ಗೌಡ್ರೇ, ಎರಡೂ ಕಡೆಯದ್ದು, ನಿಮಿಷ ಸಮೇತ' ಅಂದರು. ಬರೆದು ಕಳಿಸಿದ್ದೇನೆ. ಹಳೇ ರಬ್ಬರ್ ತೋಟದ ಒಳಗೂ ಒಂದು ಸಲ ಸುರಿದು ನೋಡಿ ಅಂತ ಕೆಳಗೆ ಸೇರಿಸಿದ್ದೇನೆ.